ಅಲ್ಪವಿರಾಮದ ಅಭ್ಯಾಸ: ಆರನೆಯ ವಾರದ ಟಿಪ್ಪಣಿ

ಮುಂಬಯಿಯ ಬಲ್ಲಾರ್ಡ್ ಎಸ್ಟೇಟಿನ ಸರಕು ಸಾಗಣೆ ಕಚೇರಿಯೊಂದರಲ್ಲಿ ಇಂಗ್ಲಿಷ್ ಪತ್ರವ್ಯವಹಾರ ನೋಡಿಕೊಳ್ಳುವ ನಾನು, ನನ್ನದೇ ಹಳೆಯ ಪತ್ರಗಳ ವಾಕ್ಯಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಅವುಗಳ ಅಲ್ಪವಿರಾಮಗಳನ್ನು ತಿದ್ದಲು ತೊಡಗಿ ಈ ಶನಿವಾರಕ್ಕೆ ಆರು ವಾರವಾಯಿತು. ಡೊಂಬಿವಲಿಯಿಂದ ಸಿಎಸ್‌ಎಂಟಿ ನಿಲ್ದಾಣಕ್ಕೆ ಬರುವ ಲೋಕಲ್‌ನಲ್ಲಿ ಕೂರಲು ಜಾಗ ಸಿಕ್ಕ ದಿನ ಐದಾರು ವಾಕ್ಯಗಳಾಗುತ್ತವೆ, ಸಿಗದ ದಿನ ಒಂದೂ ಆಗುವುದಿಲ್ಲ. ಇದುವರೆಗಿನ 90 ವಾಕ್ಯಗಳಲ್ಲಿ 37 ತಪ್ಪಿವೆ. ಅವುಗಳಲ್ಲಿ 21 ಒಂದೇ ಬಗೆಯವು: ಉದ್ದನೆಯ ಕರ್ತೃಪದ ಮುಗಿದೊಡನೆ, ಕ್ರಿಯಾಪದಕ್ಕೆ ಮೊದಲು, ಒಂಟಿ ಅಲ್ಪವಿರಾಮ.

ಈ ತಪ್ಪಿನ ಮೂಲ ನನ್ನ ಕನ್ನಡದಲ್ಲಿದೆ. ಮೇಲಿನ ಮೊದಲ ವಾಕ್ಯದಲ್ಲೇ ‘ನಾನು’ ಆದ ಮೇಲೆ ಅಲ್ಪವಿರಾಮ ಹಾಕಿದ್ದೇನೆ. ಓದುವವರಿಗೆ ಉಸಿರು ತಿರುಗಿಸಿಕೊಳ್ಳಲು ಅದು ಅನುಕೂಲ, ಕನ್ನಡದಲ್ಲಿ ಯಾರೂ ಅದನ್ನು ತಪ್ಪೆನ್ನುವುದಿಲ್ಲ. ಇಂಗ್ಲಿಷಿನಲ್ಲಿ ಕರ್ತೃ ಮತ್ತು ಕ್ರಿಯಾಪದಗಳ ನಡುವೆ ಹಾಗೆ ಒಂದೇ ಚಿಹ್ನೆ ಬರುವಂತಿಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿರುವ ಮಗಳಿಂದ ಆ 21 ವಾಕ್ಯಗಳನ್ನೂ ಚಿಹ್ನೆ ತೆಗೆದು ಗಟ್ಟಿಯಾಗಿ ಓದಿಸಿದೆ. ಹೆಚ್ಚಿನವುಗಳಲ್ಲಿ ನಾನು ಚಿಹ್ನೆ ಹಾಕಿದ್ದ ಜಾಗದಲ್ಲೇ ಅವಳೂ ಕ್ಷಣ ನಿಂತಳು. ಧ್ವನಿ ನಿಂತಲ್ಲೆಲ್ಲ ಚಿಹ್ನೆ ಹಾಕಬೇಕೆಂದು ಶಾಲೆಯಲ್ಲಿ ಕಲಿತದ್ದನ್ನು ಅಂದೇ ಬಿಟ್ಟೆ.

ಈ ವಾರ ಹೆಚ್ಚು ಹೊತ್ತು ಹಿಡಿದದ್ದು ‘ವಿಚ್’ ಬರುವ ಉಪವಾಕ್ಯ. ‘ದ ಕಂಟೇನರ್ಸ್ ವಿಚ್ ಅರೈವ್ಡ್ ಆನ್ ಮಂಡೆ, ಆರ್ ಸ್ಟಿಲ್ ಇನ್ ದ ಯಾರ್ಡ್’ ಎಂದು ಬರೆದಿದ್ದೆ. ‘ಕಂಟೇನರ್ಸ್’ ಆದ ಮೇಲೆ ಇನ್ನೊಂದು ಅಲ್ಪವಿರಾಮ ಸೇರಿಸಿದರೆ, ಮಾತಿಗೆ ಬಂದ ಕಂಟೇನರುಗಳೆಲ್ಲವೂ ಸೋಮವಾರ ಬಂದವು, ಎಲ್ಲವೂ ಯಾರ್ಡಿನಲ್ಲೇ ಇವೆ ಎಂದಾಗುತ್ತದೆ. ಎರಡನ್ನೂ ತೆಗೆದರೆ ಸೋಮವಾರ ಬಂದವು ಮಾತ್ರ ಉಳಿದಿವೆ, ಬೇರೆ ದಿನ ಬಂದವುಗಳ ಮಾತು ಬೇರೆ. ಬಾಡಿಗೆ ಲೆಕ್ಕ ಹಾಕುವವರಿಗೆ ಇವೆರಡೂ ಒಂದೇ ಅಲ್ಲ. ನಾನು ಬರೆದದ್ದು ಎರಡರಲ್ಲಿ ಯಾವುದನ್ನೂ ಹೇಳುತ್ತಿರಲಿಲ್ಲ. ಕನ್ನಡದ ‘ಸೋಮವಾರ ಬಂದ ಕಂಟೇನರುಗಳು’ ಎಂಬುದಕ್ಕೆ ಎರಡೂ ಅರ್ಥ ಸಲ್ಲುತ್ತವೆ. ಬೇರ್ಪಡಿಸಬೇಕಾದರೆ ‘ಸೋಮವಾರ ಬಂದವು ಮಾತ್ರ’ ಎಂದೋ, ‘ಕಂಟೇನರುಗಳೆಲ್ಲ ಸೋಮವಾರವೇ ಬಂದಿದ್ದು’ ಎಂದೋ ಮಾತನ್ನೇ ಬದಲಿಸುತ್ತೇವೆ. ನಾವು ಪದದಿಂದ ಮಾಡುವ ಕೆಲಸವನ್ನು ಇಂಗ್ಲಿಷ್ ಚಿಹ್ನೆಯಿಂದ ಮಾಡಿಸುತ್ತದೆ ಎಂದು ತಿಳಿದ ಮೇಲೆ ನಿಯಮ ಬಾಯಿಪಾಠ ಮಾಡುವ ಅಗತ್ಯ ಬೀಳಲಿಲ್ಲ.

ಎರಡು ಪೂರ್ಣ ವಾಕ್ಯಗಳನ್ನು ಬರೀ ಅಲ್ಪವಿರಾಮದಿಂದ ಹೊಲಿದದ್ದು ಒಂಬತ್ತು ಕಡೆ ಸಿಕ್ಕಿತು. ‘ಅಂಡ್’ ಸೇರಿಸಿ ಅಥವಾ ಅರ್ಧವಿರಾಮ ಹಾಕಿ ಸರಿಪಡಿಸಿದೆ.

ಪಟ್ಟಿಯ ಕೊನೆಯ ‘ಅಂಡ್’ ಅಥವಾ ‘ಆರ್’ಗೆ ಮುಂಚಿನ ಅಲ್ಪವಿರಾಮವನ್ನು ಇಷ್ಟು ದಿನ ನಾನು ಬೇಡವೆಂದೇ ಬಿಡುತ್ತಿದ್ದೆ. ಅಮೆರಿಕದ ಮೇಯ್ನ್ ರಾಜ್ಯದ ಓವರ್‌ಟೈಮ್ ಪ್ರಕರಣವನ್ನು ಓದಿದ ಮೇಲೆ ಅಭಿಪ್ರಾಯ ಬದಲಾಯಿತು. ಓವರ್‌ಟೈಮ್ ಸಿಗದ ಕೆಲಸಗಳ ಪಟ್ಟಿ ಅಲ್ಲಿನ ಕಾಯಿದೆಯಲ್ಲಿ ‘ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್’ ಎಂದು ಮುಗಿಯುತ್ತಿತ್ತು. ‘ಶಿಪ್‌ಮೆಂಟ್’ ಆದ ಮೇಲೆ ಚಿಹ್ನೆ ಇಲ್ಲದ್ದರಿಂದ, ಹೊರಗಿಟ್ಟಿರುವುದು ಪ್ಯಾಕಿಂಗ್ ಕೆಲಸವನ್ನೇ ಹೊರತು ವಿತರಣೆಯನ್ನಲ್ಲ ಎಂದು ಡೈರಿಯೊಂದರ ಚಾಲಕರು ವಾದಿಸಿದರು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರ ನಿಂತಿತು. 2018ರಲ್ಲಿ 50 ಲಕ್ಷ ಡಾಲರಿಗೆ ರಾಜಿಯಾಯಿತು. ಪ್ಯಾಕಿಂಗ್, ಶಿಪ್‌ಮೆಂಟ್ ಎಂಬ ಪದಗಳನ್ನು ದಿನಕ್ಕೆ ಹತ್ತಾರು ಬಾರಿ ಬರೆಯುವ ನಾನು ಈಗ ಪಟ್ಟಿಗಳಲ್ಲಿ ಆ ಚಿಹ್ನೆಯನ್ನು ತಪ್ಪದೆ ಹಾಕುತ್ತಿದ್ದೇನೆ.

ಶುಕ್ರವಾರ ಕಳಿಸಿದ ನಾಲ್ಕು ಪತ್ರಗಳಲ್ಲಿ ಕರ್ತೃಪದದ ನಂತರದ ಒಂಟಿ ಚಿಹ್ನೆ ಒಂದೂ ಇರಲಿಲ್ಲ. ಮುಂದಿನ ವಾರ ‘ಹೌಎವರ್’ ಬಂದಿರುವ ಹದಿಮೂರು ವಾಕ್ಯಗಳನ್ನು ಎತ್ತಿಕೊಳ್ಳುತ್ತೇನೆ.