ಎಳೆಯುವ ಮೊದಲು ತಳ್ಳಬೇಕು

ಮೊನ್ನೆ ರಾತ್ರಿ ನಮ್ಮ ಕೆಂಪಿ ಕರು ಹಾಕಿದಳು. ನನ್ನ ಬಲಗೈ ಭುಜದವರೆಗೆ ಇನ್ನೂ ನೋಯುತ್ತಿದೆ. ಆದರೂ ಎಲ್ಲ ನೆನಪಿರುವಾಗಲೇ ಬರೆದಿಡೋಣ ಅಂತ ಕೂತಿದ್ದೇನೆ.

ಕೆಂಪಿಗೆ ಇದು ಚೊಚ್ಚಲು. 280 ದಿನ ದಾಟಿತ್ತು. ಬಾಲದ ಬುಡದಲ್ಲಿ ಎರಡೂ ಕಡೆ ಗುಳಿ ಬಿದ್ದು, ಕೆಚ್ಚಲು ಬಿಗಿದಿತ್ತು. ಸಂಜೆಯಿಂದ ಮೇವು ಮುಟ್ಟಿರಲಿಲ್ಲ. ಏಳುವುದು, ಮಲಗುವುದು, ತಿರುಗಿ ಹೊಟ್ಟೆ ನೋಡಿಕೊಳ್ಳುವುದು. ಹತ್ತೂಕಾಲಿಗೆ ನೀರುಚೀಲ ಒಡೆಯಿತು. ಆಮೇಲೆ ಒಂದು ಗೊರಸು ಕಂಡಿತು. ಒಂದೇ. ಗಂಟೆ ಕಳೆದರೂ ಇನ್ನೊಂದು ಬರಲಿಲ್ಲ. ಅವಳು ತಿಣುಕುತ್ತಲೇ ಇದ್ದಳು.

ನನಗೆ ಗೌರಿಯ ನೆನಪಾಯಿತು. ಎಂಟು ವರ್ಷದ ಹಿಂದೆ ಅವಳಿಗೆ ಎರಡೂ ಕಾಲು ಹೊರಗೆ ಬಂದಿತ್ತು, ಮೂತಿ ಮಾತ್ರ ಕಾಣುತ್ತಿರಲಿಲ್ಲ. ಕೈ ಹಾಕಿ ನೋಡಬೇಕು ಅಂತ ನಮಗ್ಯಾರಿಗೂ ಹೊಳೆಯಲಿಲ್ಲ. ಹಗ್ಗ ಕಟ್ಟಿ ನಾಲ್ಕು ಜನ ಎಳೆದೆವು. ನಾನೂ ಎಳೆದೆ. ಕರುವಿನ ಕತ್ತು ಹಿಂದಕ್ಕೆ ಮಡಚಿ ಪಕ್ಕೆಗೆ ಒರಗಿತ್ತು ಅನ್ನುವುದು ಡಾಕ್ಟರ್ ಬಂದ ಮೇಲೆ ಗೊತ್ತಾಯಿತು. ಕರು ಉಳಿಯಲಿಲ್ಲ. ಗೌರಿ ನಾಲ್ಕು ದಿನ ಏಳಲಿಲ್ಲ. ಅಡ್ಡಾದಿಡ್ಡಿ ಎಳೆದರೆ ಹಿಂಗಾಲಿನ ನರಕ್ಕೆ ಪೆಟ್ಟು ಬೀಳುತ್ತದೆ. ರಾತ್ರಿಯೆಲ್ಲ ಅವಳನ್ನು ಮಗ್ಗುಲು ಬದಲಿಸುತ್ತಾ ಅತ್ತಿದ್ದೇನೆ.

ಹಾಗಾಗಿ ಈ ಸಲ ಹಗ್ಗ ಮುಟ್ಟಲಿಲ್ಲ. ಮೊದಲು ಡಾಕ್ಟರಿಗೆ ಫೋನ್ ಮಾಡಿದೆ. ಅವರು ಬೇರೆ ಹಸುವಿನ ಹತ್ತಿರ ಇದ್ದರು. ಬರಲು ಎರಡು ಗಂಟೆ ಬೇಕು ಅಂದರು.

"ಬಾಲ ಪಕ್ಕಕ್ಕೆ ಕಟ್ಟಿ. ಚೆನ್ನಾಗಿ ತೊಳೆದು ಕೈ ಹಾಕಿ ನೋಡಿ. ನೋಡೋದಷ್ಟೇ, ಎಳೀಬೇಡಿ."

ತಮ್ಮ ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಫೋನ್ ಹಿಡಿದು ನಿಂತ. ನಾನು ಭುಜದವರೆಗಿನ ಕೈಗವಸು ಹಾಕಿ ಜೆಲ್ ಧಾರಾಳವಾಗಿ ಹಚ್ಚಿಕೊಂಡೆ. ಕೈಗವಸು ಬೇಡ ಅನ್ನುವವರಿಗೆ ಒಂದು ಮಾತು: ಬ್ರುಸೆಲ್ಲೋಸಿಸ್ ಅನ್ನುವ ರೋಗ ಹಸುವಿನಿಂದ ಮನುಷ್ಯರಿಗೂ ಅಂಟುತ್ತದೆ, ದಯವಿಟ್ಟು ಹಾಕಿಕೊಳ್ಳಿ.

ಒಳಗೆ ಮೊದಲು ಮೂತಿ ಸಿಕ್ಕಿತು. ಬಾಯೊಳಗೆ ಬೆರಳಿಟ್ಟೆ. ಕರು ಚೀಪಿತು! ಬದುಕಿತ್ತು. ಹೊರಗೆ ಬಂದಿದ್ದ ಕಾಲನ್ನು ಗೊರಸಿನಿಂದ ಮೇಲಕ್ಕೆ ಸವರಿದೆ. ಮೊದಲ ಎರಡು ಕೀಲು ಒಂದೇ ಕಡೆಗೆ ಮಡಚಿದರೆ ಅದು ಮುಂಗಾಲು, ಒಂದಕ್ಕೊಂದು ಎದುರಾದರೆ ಹಿಂಗಾಲು. ಇದು ಮುಂಗಾಲು. ಎಡಗಾಲು ಮಾತ್ರ ಮೊಣಕಾಲಲ್ಲಿ ಮಡಚಿ ಕೆಂಪಿಯ ಸೊಂಟದ ಮೂಳೆಗೆ ಸಿಕ್ಕಿಕೊಂಡಿತ್ತು. ಹೇಳಿದೆ.

"ಹಾಗಾದ್ರೆ ಕರುವನ್ನು ಒಳಕ್ಕೆ ತಳ್ಳಿ," ಅಂದರು ಡಾಕ್ಟರ್.

ಹೊರಗೆ ಬರಬೇಕಾದ ಕರುವನ್ನು ಒಳಕ್ಕೆ ತಳ್ಳಲು ಮನಸ್ಸು ಒಪ್ಪುವುದಿಲ್ಲ. ಆದರೆ ಕಾಲು ಬಿಚ್ಚಲು ಜಾಗ ಬೇಕಲ್ವಾ? ಆ ಜಾಗ ಒಳಗೇ ಇರುವುದು. ಹಸು ನಿಂತಿದ್ದರೆ ಇನ್ನೂ ಸುಲಭ, ಕೆಂಪಿಯನ್ನು ಎಬ್ಬಿಸಿ ನಿಲ್ಲಿಸಿದೆವು. ಅವಳು ತಿಣುಕುವಾಗ ಸುಮ್ನೆ ಇರಬೇಕು. ಆಗ ನನ್ನ ಕೈ ಮೂಳೆಗೂ ಕರುವಿಗೂ ನಡುವೆ ನುಜ್ಜಾಗುವ ಹಾಗಿತ್ತು. ಬಿಗಿ ಸಡಿಲಾದ ತಕ್ಷಣ ತಳ್ಳಬೇಕು. ಎರಡು ಸಲ ಜಾರಿತು. ಮೂರನೇ ಸಲ ಗೊರಸನ್ನು ಪೂರ್ತಿ ಅಂಗೈಯಲ್ಲಿ ಮುಚ್ಚಿ ಹಿಡಿದೆ. ಬರಿಯ ಗೊರಸು ತಾಗಿದರೆ ಗರ್ಭಕೋಶ ಹರಿಯಬಹುದು. ಮೊಣಕಾಲನ್ನು ಮೇಲಕ್ಕೆ, ಹೊರಗಡೆಗೆ ಒತ್ತುತ್ತಾ ಗೊರಸನ್ನು ನಡುವಿನತ್ತ ತಂದೆ. ಕಾಲು ಸರ್‍ರನೆ ನೇರವಾಯಿತು.

ಆಮೇಲೆ ಹಗ್ಗ. ಗೊರಸಿನ ಮೇಲಿನ ಕೀಲಿಗಿಂತ ಮೇಲೆ ಒಂದು ಸುತ್ತು, ಕೆಳಗೆ ಇನ್ನೊಂದು. ಒಂದೇ ಕಡೆ ಕಟ್ಟಿದರೆ ಭಾರವೆಲ್ಲ ಅಲ್ಲೇ ಬಿದ್ದು ಮೂಳೆ ಮುರಿಯಬಹುದು. ಅವಳು ತಿಣುಕಿದಾಗ ಮಾತ್ರ, ಒಂದು ಕಾಲು ಆದ ಮೇಲೆ ಇನ್ನೊಂದು, ನಾವಿಬ್ಬರೇ ಎಳೆದೆವು. ತಲೆ ದಾಟಿದ ಮೇಲೆ ಕೆಳಮುಖವಾಗಿ. ಕರು ಧೊಪ್ಪನೆ ಹುಲ್ಲಿನ ಮೇಲೆ ಬಿತ್ತು.

ಉಸಿರಾಡಲಿಲ್ಲ. ಮೂಗು, ಬಾಯಿ ಒರೆಸಿದೆ. ಹುಲ್ಲಿನ ಕಡ್ಡಿಯನ್ನು ಮೂಗಿನ ಹೊಳ್ಳೆಗೆ ಹಾಕಿ ಆಡಿಸಿದೆ. ಒಂದು ಸೀನು! ಎದೆ ನೆಲಕ್ಕೆ ತಾಗುವ ಹಾಗೆ ಕರುವನ್ನು ಕೂರಿಸಿ ಗೋಣಿಚೀಲದಿಂದ ಉಜ್ಜಿದೆ. ಅಷ್ಟರಲ್ಲಿ ಕೆಂಪಿ ತಿರುಗಿ ನೆಕ್ಕಲು ಶುರು ಮಾಡಿದಳು. ಹೊಕ್ಕುಳಿಗೆ ಅಯೋಡಿನ್ ಹಾಕಿ, ಎರಡು ಗಂಟೆಯೊಳಗೆ ಗಿಣ್ಣದ ಹಾಲು ಕುಡಿಸಿದೆವು. ಕರುವಿಗೆ ರೋಗ ತಡೆಯುವ ಶಕ್ತಿ ಹೊಟ್ಟೆಯಲ್ಲಿದ್ದಾಗ ಸಿಗುವುದಿಲ್ಲ, ಈ ಹಾಲಿನಿಂದಲೇ ಸಿಗಬೇಕು. 30 ಕಿಲೋ ಕರುವಿಗೆ 3 ಲೀಟರ್ ಲೆಕ್ಕ.

ಎಲ್ಲವನ್ನೂ ನಾವೇ ಮಾಡಬಹುದು ಅಂತ ಅಂದುಕೊಳ್ಳಬೇಡಿ. ಕೈ ಹಾಕಿದಾಗ ದಾರಿ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡಿದ್ದರೆ ಗರ್ಭಕೋಶವೇ ತಿರುಗಿದೆ ಅಂತ ಅರ್ಥ. ಕೈ ತೆಗೆದು ಡಾಕ್ಟರಿಗೆ ಕಾಯಿರಿ. ಅರ್ಧ ಗಂಟೆ ಪ್ರಯತ್ನಿಸಿಯೂ ಏನೂ ಸರಿಯದಿದ್ದರೂ ಅಷ್ಟೇ.

ಡಾಕ್ಟರ್ ಒಂದೂವರೆಗೆ ಬಂದರು. ಒಳಗೆ ಇನ್ನೊಂದು ಕರು ಇಲ್ಲ, ಎಲ್ಲೂ ಹರಿದಿಲ್ಲ ಅಂತ ನೋಡಿ ಹೇಳಿದರು. ಸತ್ತೆ (ಮಾಸು) ಬೆಳಗ್ಗೆ ತಾನಾಗೇ ಬಿತ್ತು. ಕರು ಎಡಗಾಲನ್ನು ಇನ್ನೂ ಸ್ವಲ್ಪ ಎಳೆದು ಹಾಕುತ್ತಿದೆ. ದಿನಕ್ಕೆ ಎರಡು ಸಲ ಕೂತು ಆ ಕಾಲನ್ನು ಮೆತ್ತಗೆ ನೀವುತ್ತಿದ್ದೇನೆ. ಆಗೆಲ್ಲ ನನ್ನ ಬೆರಳು ಹುಡುಕಿ ಚೀಪುತ್ತದೆ.