ಬಿಎಫ್‌ಸಿ ಒಟ್ಟು ಎಷ್ಟು ಕಪ್ ಗೆದ್ದಿದೆ ಅಂತ ಕೇಳುವವರಿಗೆ

ತುಮಕೂರಿನ ಬಟವಾಡಿಯಲ್ಲಿರುವ ಎಪಿಎಂಸಿ ಯಾರ್ಡ್‌ನ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಕಂಪ್ಯೂಟರ್ ಬಂದು ಎಷ್ಟೋ ವರ್ಷವಾಯಿತು. ಆದರೂ ನಮ್ಮ ಸಾಹುಕಾರರಿಗೆ ಉದ್ದನೆಯ ಕೆಂಪು ರಟ್ಟಿನ ಪುಸ್ತಕವೇ ಬೇಕು. ಹೊಸ ವರ್ಷದ ಲೆಕ್ಕಕ್ಕೆ ತರಿಸಿದ ಪುಸ್ತಕಗಳಲ್ಲಿ ಒಂದಾದರೂ ಮಿಕ್ಕುತ್ತದೆ. ಹಾಗೆ ಮಿಕ್ಕ ಒಂದು ಪುಸ್ತಕದಲ್ಲಿ 2013ರಿಂದ ಬೆಂಗಳೂರು ಎಫ್‌ಸಿ, ಅಂದರೆ ಬಿಎಫ್‌ಸಿ ಎಂಬ ಫುಟ್‌ಬಾಲ್ ಕ್ಲಬ್ಬಿನ ಲೆಕ್ಕ ಬರೆಯುತ್ತಾ ಬಂದಿದ್ದೇನೆ. ಎಡಗಡೆ ಜಮಾ, ಬಲಗಡೆ ಖರ್ಚು. ಹೊಡೆದ ಗೋಲು ಜಮಾ, ಹೊಡೆಸಿಕೊಂಡ ಗೋಲು ಖರ್ಚು. ಸೀಸನ್ ಕೊನೆಗೆ ಶಿಲ್ಕು, ಅಂದರೆ ಉಳಿಕೆ, ತೆಗೆಯುತ್ತೇನೆ.

ಈ ಪುಸ್ತಕ ಕಂಡವರೆಲ್ಲ ಕೇಳುವುದು ಒಂದೇ ಪ್ರಶ್ನೆ. 'ಅದೆಲ್ಲ ಇರಲಿ ಗುರುವೇ, ಒಟ್ಟು ಎಷ್ಟು ಕಪ್ ಬಂದಿದೆ?' ಕೇಳುವವರು ಹೆಚ್ಚಾಗಿ ಆರ್‌ಸಿಬಿ ಕಡೆಯವರು. ಹದಿನೆಂಟು ವರ್ಷ ಕಾದು 2025ರಲ್ಲಿ ಒಂದು ಕಪ್ ಕಂಡವರಿಗೆ ಕಪ್ ಎಣಿಸುವುದೇ ಒಂದು ಚಟ ಆಗಿದೆ. ತಪ್ಪೇನಿಲ್ಲ.

ಉತ್ತರ: ಏಳು. 2024-25ರ ಸೀಸನ್ ಮುಗಿಯುವವರೆಗಿನ ಲೆಕ್ಕ ಇದು. ದೇಶದ ಹಳೇ ಲೀಗ್ ಆದ ಐ-ಲೀಗ್ ಎರಡು ಸಲ, 2013-14 ಮತ್ತು 2015-16. ಫೆಡರೇಶನ್ ಕಪ್ ಎರಡು ಸಲ, 2014-15 ಮತ್ತು 2016-17. 2018ರಲ್ಲಿ ಸೂಪರ್ ಕಪ್. 2018-19ರಲ್ಲಿ ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್. 2022ರಲ್ಲಿ ಡುರಾಂಡ್ ಕಪ್. ಕೂಡಿ ನೋಡಿಕೊಳ್ಳಿ.

ಇಷ್ಟಕ್ಕೇ ಮುಗಿಯುವ ಹಾಗಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. 'ಏಳು' ಅಂದ ಕೂಡಲೇ ಜಗಳ ಶುರುವಾಗುತ್ತದೆ. ಮೊದಲ ಜಗಳದಲ್ಲಿ ಸೋತವನು ನಾನೇ. ಒಂದು ದಿನ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ಜಂಬದಿಂದ 'ಎಂಟು' ಅಂದುಬಿಟ್ಟೆ. ಪಕ್ಕದಲ್ಲಿದ್ದ ಕಾಲೇಜು ಹುಡುಗ ಬೆರಳು ಮಡಚಿ ಎಣಿಸಿದ. 'ಏಳೇ ಅಂಕಲ್, ಎಂಟನೆಯದು ಎಲ್ಲಿಂದ ಬಂತು?' ಮನೆಗೆ ಬಂದು ಪುಸ್ತಕ ತೆಗೆದು ನೋಡಿದರೆ ತಪ್ಪು ಸಿಕ್ಕಿತು. ಆ 2014-15ರ ಫೆಡರೇಶನ್ ಕಪ್ ಡಿಸೆಂಬರ್ ಕೊನೆಯಲ್ಲಿ ಶುರುವಾಗಿ ಜನವರಿ 11ಕ್ಕೆ ಗೋವಾದಲ್ಲಿ ಮುಗಿದಿತ್ತು. ಡೆಂಪೊ ತಂಡದ ಮೇಲೆ 2-1. ನಾನು 2014ರ ಹಾಳೆಯಲ್ಲಿ ಒಂದು ಸಲ, 2015ರ ಹಾಳೆಯಲ್ಲಿ ಇನ್ನೊಂದು ಸಲ ಬರೆದಿದ್ದೆ. ಒಂದೇ ಚೀಲಕ್ಕೆ ಎರಡು ಚೀಟಿ! ಮಂಡಿಯಲ್ಲಿ ಇದನ್ನು ಮಾಡಿದ್ದರೆ ಅವತ್ತೇ ಕೆಲಸ ಹೋಗುತ್ತಿತ್ತು. ಅಲ್ಲಿಂದ ಕ್ಯಾಲೆಂಡರ್ ವರ್ಷ ಬಿಟ್ಟೆ. ಈಗ ಸೀಸನ್ ಲೆಕ್ಕ ಮಾತ್ರ.

ಎರಡನೆಯ ಜಗಳ ಐ-ಲೀಗ್‌ದು. 'ಅದೆಲ್ಲ ಹಳೇದು, ಐಎಸ್‌ಎಲ್ ಒಂದೇ ಲೆಕ್ಕಕ್ಕೆ' ಅನ್ನುವವರು ಈಗ ಜಾಸ್ತಿ. ಅವರ ಲೆಕ್ಕದಲ್ಲಿ ಬಿಎಫ್‌ಸಿಯ ಲೀಗ್ ಗೆಲುವು ಒಂದೇ. ನಾನು ಒಪ್ಪುವುದಿಲ್ಲ. 2013ರ ಜುಲೈನಲ್ಲಿ ಹುಟ್ಟಿದ ಕ್ಲಬ್ಬು ಅದು. ಸೆಪ್ಟೆಂಬರ್‌ನಲ್ಲಿ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಮೋಹನ್ ಬಗಾನ್ ಜೊತೆ ಮೊದಲ ಪಂದ್ಯ ಆಡಿ 1-1 ಡ್ರಾ ಮಾಡಿತು. ಮುಂದಿನ ಏಪ್ರಿಲ್‌ಗೆ ಗೋವಾಕ್ಕೆ ಹೋಗಿ, ಇದೇ ಡೆಂಪೊ ತಂಡವನ್ನು ಅವರ ಊರಲ್ಲೇ 4-2ರಿಂದ ಸೋಲಿಸಿ ದೇಶದ ಚಾಂಪಿಯನ್ ಆಯಿತು. ಒಂದು ವರ್ಷ ಕೂಡ ತುಂಬಿರಲಿಲ್ಲ. ಅವತ್ತು ದೇಶದಲ್ಲಿ ಅದಕ್ಕಿಂತ ಮೇಲಿನ ಲೀಗ್ ಇರಲೇ ಇಲ್ಲ. ಐಎಸ್‌ಎಲ್ ಶುರುವಾಗಿದ್ದೇ ಆ ವರ್ಷದ ಅಕ್ಟೋಬರ್‌ನಲ್ಲಿ.

ಇನ್ನೊಂದು ತಮಾಷೆ ಇದೆ. 2019ರ ಮಾರ್ಚ್‌ನಲ್ಲಿ ಬಿಎಫ್‌ಸಿ ಐಎಸ್‌ಎಲ್ ಗೆದ್ದಾಗ ಏಷ್ಯಾದ ದೊಡ್ಡ ಟೂರ್ನಿಗೆ, ಅಂದರೆ ಎಎಫ್‌ಸಿ ಚಾಂಪಿಯನ್ಸ್ ಲೀಗ್‌ನ ಅರ್ಹತಾ ಪಂದ್ಯಕ್ಕೆ, ಹೋಗುವ ಚೀಟಿ ಇನ್ನೂ ಐ-ಲೀಗ್ ಚಾಂಪಿಯನ್ ಕೈಯಲ್ಲೇ ಇತ್ತು. ಆ ಸಲ ಅದು ಚೆನ್ನೈ ಸಿಟಿಗೆ ಸಿಕ್ಕಿತು. ಐಎಸ್‌ಎಲ್ ಗೆದ್ದ ಬಿಎಫ್‌ಸಿಗೆ ಸಿಕ್ಕಿದ್ದು ಎರಡನೇ ದರ್ಜೆಯ ಎಎಫ್‌ಸಿ ಕಪ್. ಐಎಸ್‌ಎಲ್ ಮೇಲಿನ ಲೀಗ್ ಅಂತ ಏಷ್ಯಾದವರ ಮುದ್ರೆ ಬಿದ್ದಿದ್ದು ಅದಾದ ಮೇಲೆ. ಹಳೇ ಕಪ್ಪನ್ನು ಹೊಸ ನಿಯಮದ ತಕ್ಕಡಿಯಲ್ಲಿ ತೂಗಲು ಹೋದರೆ ಹೊಸ ಕಪ್ಪೂ ಹಗುರ ಆಗುತ್ತದೆ. ಆದ್ದರಿಂದ ಎರಡನ್ನೂ ಒಂದೇ ಕಾಲಂನಲ್ಲಿ ಬರೆಯುತ್ತೇನೆ.

ನನಗೆ ನಿಜವಾಗಿ ಹೊಟ್ಟೆ ಉರಿಸುವುದು ಬೇರೆ. 2017-18ರಲ್ಲಿ ಬಿಎಫ್‌ಸಿ ಐಎಸ್‌ಎಲ್‌ಗೆ ಬಂದಿತು. ಮೊದಲ ವರ್ಷವೇ 18 ಪಂದ್ಯಗಳಲ್ಲಿ 13 ಗೆದ್ದು, ಒಂದು ಡ್ರಾ ಮಾಡಿ, 40 ಅಂಕ ಕೂಡಿಸಿ ಪಟ್ಟಿಯ ತುದಿಗೆ ಹೋಯಿತು. ಮಿಕು 15 ಗೋಲು, ಸುನಿಲ್ ಛೆಟ್ರಿ 14. ಬೇರೆ ದೇಶದ ಲೀಗ್ ಆಗಿದ್ದರೆ ಅಲ್ಲಿಗೇ ಚಾಂಪಿಯನ್. ಇಲ್ಲಿ ಸೆಮಿಫೈನಲ್, ಫೈನಲ್ ಅಂತ ಇದೆಯಲ್ಲ. 2018ರ ಮಾರ್ಚ್ 17, ಕಂಠೀರವದಲ್ಲೇ ಫೈನಲ್. ಮಂಡಿಗೆ ಅರ್ಧ ದಿನ ರಜೆ ಹಾಕಿ ಹೋಗಿದ್ದೆ. ಒಂಬತ್ತನೇ ನಿಮಿಷಕ್ಕೆ ಛೆಟ್ರಿ ಗೋಲು. ಪಕ್ಕದವರು ಯಾರು ಏನು ಅಂತ ನೋಡದೆ ತಬ್ಬಿಕೊಂಡೆ. ಆಮೇಲೆ ಚೆನ್ನೈಯಿನ್‌ನ ಮೈಲ್ಸನ್ ಕಾರ್ನರ್‌ಗೆ ತಲೆ ಕೊಟ್ಟು ಒಂದು, ಮತ್ತೆ ಕಾರ್ನರ್‌ಗೆ ತಲೆ ಕೊಟ್ಟು ಇನ್ನೊಂದು. ಮೂರನೆಯದೂ ಬಿತ್ತು. ಕೊನೆಗೆ ಮಿಕು ಒಂದು ಹೊಡೆದ, ಅಷ್ಟೊತ್ತಿಗೆ ಗಡಿಯಾರ ಮುಗಿದಿತ್ತು. 2-3. ಮೆಜೆಸ್ಟಿಕ್‌ಗೆ ಬಂದು ಬಸ್ ಹತ್ತಿದೆ. ದಾಬಸ್‌ಪೇಟೆ ದಾಟುವಾಗ ಮೊಬೈಲ್ ಬೆಳಕಲ್ಲಿ ಪುಸ್ತಕ ತೆಗೆದು ಬಲಗಡೆ ಮೂರು ಗೀಟು ಎಳೆದೆ. ಬಸ್ ಕುಲುಕಿ ಮೂರನೇ ಗೀಟು ಅಡ್ಡಡ್ಡ ಹೋಗಿದೆ. ಈಗಲೂ ಹಾಗೇ ಇದೆ.

ಮುಂದಿನ ವರ್ಷವೂ ಬಿಎಫ್‌ಸಿ ತುದಿಯಲ್ಲೇ ಇತ್ತು. ಎಫ್‌ಸಿ ಗೋವಾ ತಂಡಕ್ಕೂ 34 ಅಂಕ, ಬಿಎಫ್‌ಸಿಗೂ 34. ಪರಸ್ಪರ ಆಡಿದ ಪಂದ್ಯಗಳ ಲೆಕ್ಕದಲ್ಲಿ ಬಿಎಫ್‌ಸಿ ಮೇಲೆ. ಈ ಸಲ ಮುಂಬೈನಲ್ಲಿ ಅದೇ ಗೋವಾದ ಎದುರು ಫೈನಲ್ಲೂ ಗೆದ್ದಿತು. 117ನೇ ನಿಮಿಷಕ್ಕೆ ಡಿಮಾಸ್ ಕೊಟ್ಟ ಕಾರ್ನರ್, ರಾಹುಲ್ ಭೆಕೆಯ ತಲೆ, 1-0. ಪಟ್ಟಿಯ ತುದಿಯಲ್ಲಿದ್ದ ತಂಡವೇ ಫೈನಲ್ಲೂ ಗೆದ್ದಿದ್ದು ಐಎಸ್‌ಎಲ್‌ನಲ್ಲಿ ಅದೇ ಮೊದಲು. ಸರಿ, ಅದಾದ ಮರುವರ್ಷ, 2019-20ರಿಂದ, ಪಟ್ಟಿಯಲ್ಲಿ ಮೊದಲು ಬಂದವರಿಗೆ ಶೀಲ್ಡ್ ಕೊಡಲು ಶುರು ಮಾಡಿದರು. ಮೊದಲ ಶೀಲ್ಡ್ ಗೋವಾಕ್ಕೆ ಹೋಯಿತು. ಎರಡು ವರ್ಷ ಸಾಲಾಗಿ ತುದಿಯಲ್ಲಿ ನಿಂತವರಿಗೆ ಏನೂ ಇಲ್ಲ, ಮೂರನೇ ವರ್ಷ ನಿಂತವರಿಗೆ ಶೀಲ್ಡ್! ಎರಡು ವರ್ಷ ಮೊದಲೇ ಕೊಡಲು ಶುರು ಮಾಡಿದ್ದರೆ ನನ್ನ ಉತ್ತರ ಒಂಬತ್ತು ಆಗುತ್ತಿತ್ತು. ಆದರೆ ಕೈಗೆ ಬರದ ಹಣವನ್ನು ಜಮಾ ಬರೆಯುವ ಹಾಗಿಲ್ಲ. ಏಳೇ.

ಪೆನಾಲ್ಟಿ ಶೂಟೌಟ್ ಬಂದರೆ ಲೆಕ್ಕದವನ ಕಥೆ ಮುಗಿದಂತೆ. ನಿಯಮ ಸುಲಭ: ಶೂಟೌಟ್‌ನಲ್ಲಿ ಹೊಡೆದದ್ದು ಗೋಲಿನ ಲೆಕ್ಕಕ್ಕೆ ಬರುವುದಿಲ್ಲ. 120 ನಿಮಿಷಕ್ಕೆ ಏನಿತ್ತೋ ಅದೇ ಪಂದ್ಯದ ಫಲಿತಾಂಶ. 2023ರ ಮಾರ್ಚ್ ನೋಡಿ. ಮುಂಬೈ ಸಿಟಿ ಮೇಲೆ ಐಎಸ್‌ಎಲ್ ಸೆಮಿಫೈನಲ್‌ನ ಮೊದಲ ಪಂದ್ಯ 1-0 ಗೆಲುವು. ಕಂಠೀರವದ ಎರಡನೇ ಪಂದ್ಯ 1-2 ಸೋಲು. ಒಟ್ಟು 2-2. ಶೂಟೌಟ್‌ನಲ್ಲಿ 9-8. ಅಂದರೆ ಆ ರಾತ್ರಿ ಎಲ್ಲರೂ ಕುಣಿದರು, ನಾನೂ ಕುಣಿದೆ, ಪುಸ್ತಕದಲ್ಲಿ ಮಾತ್ರ 'ಸೋಲು' ಅಂತಿದೆ. ಒಂದೇ ವಾರಕ್ಕೆ ಗೋವಾದಲ್ಲಿ ಎಟಿಕೆ ಮೋಹನ್ ಬಗಾನ್ ಜೊತೆ ಫೈನಲ್ 2-2 ಆಗಿ, ಶೂಟೌಟ್‌ನಲ್ಲಿ 3-4. ಕಪ್ ಹೋಯಿತು, ಪುಸ್ತಕದಲ್ಲಿ 'ಡ್ರಾ'. ನನ್ನ ಹೆಂಡತಿ ಇದನ್ನು ನೋಡಿ, 'ಗೆದ್ದಾಗ ಸೋಲು, ಸೋತಾಗ ಡ್ರಾ, ಇದನ್ನು ಯಾರಿಗೆ ತೋರಿಸ್ತೀರಿ?' ಅಂದಳು. ಉತ್ತರ ಹೊಳೆಯಲಿಲ್ಲ.

ಅದೇ ತಿಂಗಳ ಮೊದಲಲ್ಲಿ ಬಿಎಫ್‌ಸಿ ಎದುರಿನ ಪಂದ್ಯದಲ್ಲಿ ಕೇರಳ ಬ್ಲಾಸ್ಟರ್ಸ್ ಆಟಗಾರರು ಮೈದಾನ ಬಿಟ್ಟು ಹೋಗಿದ್ದು ನೆನಪಿರಬೇಕು. ಹೆಚ್ಚುವರಿ ಸಮಯದಲ್ಲಿ ಛೆಟ್ರಿ ಅವಸರದಲ್ಲಿ ಹೊಡೆದ ಫ್ರೀಕಿಕ್. ಗೋಡೆ ಕಟ್ಟುವ ಮೊದಲೇ ಚೆಂಡು ಬಲೆಯಲ್ಲಿತ್ತು. ಅದು ನ್ಯಾಯವೇ ಅಂತ ನಮ್ಮ ಮಂಡಿಯಲ್ಲೂ ವಾದ ಆಗಿದೆ. ಲೆಕ್ಕಕ್ಕೆ ಅದರಿಂದ ತೊಂದರೆ ಇಲ್ಲ. ರೆಫರಿ ಕೊಟ್ಟರು, ನಾನು ಬರೆದೆ, 1-0.

ಛೆಟ್ರಿ ವಿಷಯದಲ್ಲೂ ಒಂದು ಎಚ್ಚರ ಬೇಕು. ಕ್ಲಬ್ಬಿಗೆ ಹೆಚ್ಚು ಆಡಿದವನೂ ಅವನೇ, ಹೆಚ್ಚು ಗೋಲು ಹೊಡೆದವನೂ ಅವನೇ. ಆದರೆ ಟಿವಿಯಲ್ಲಿ 'ಐಎಸ್‌ಎಲ್‌ನಲ್ಲಿ ಛೆಟ್ರಿ ಗೋಲುಗಳು' ಅಂತ ತೋರಿಸುವ ಸಂಖ್ಯೆಯನ್ನು ಹಾಗೇ ಬಿಎಫ್‌ಸಿ ಖಾತೆಗೆ ಹಾಕಬೇಡಿ. 2015ರಲ್ಲಿ ಅವನು ಐಎಸ್‌ಎಲ್ ಆಡಿದ್ದು ಮುಂಬೈ ಸಿಟಿಗೆ. ಅಲ್ಲಿ 7 ಗೋಲು. ಅದನ್ನು ಕಳೆಯಬೇಕು. ಐ-ಲೀಗ್, ಎಎಫ್‌ಸಿ ಕಪ್, ಫೆಡರೇಶನ್ ಕಪ್‌ನಲ್ಲಿ ಬಿಎಫ್‌ಸಿಗೆ ಹೊಡೆದದ್ದನ್ನು ಕೂಡಬೇಕು. ಭಾರತ ತಂಡಕ್ಕೆ ಹೊಡೆದದ್ದು ಬೇರೆಯೇ ಪುಸ್ತಕ. 2024-25ರಲ್ಲಿ, ನಲವತ್ತು ದಾಟಿದ ಮೇಲೆ, ಐಎಸ್‌ಎಲ್‌ನಲ್ಲಿ ಮತ್ತೆ 14 ಹೊಡೆದ. ಮಿಕು ಜೊತೆ ಆಡಿದ ಮೊದಲ ವರ್ಷವೂ 14 ಅಲ್ವಾ? ಏಳು ವರ್ಷ ಕಳೆದರೂ ಶಿಲ್ಕು ಅಷ್ಟೇ.

ದೊಡ್ಡ ಗೆಲುವು ಯಾವುದು ಅಂತಲೂ ಕೆಲವರು ಕೇಳುತ್ತಾರೆ. 2020ರ ಫೆಬ್ರವರಿಯಲ್ಲಿ ಭೂತಾನಿನ ಪಾರೊ ಎಫ್‌ಸಿ ಮೇಲೆ 9-1. ಹೇಳಲು ಚೆನ್ನಾಗಿದೆ, ಅಷ್ಟೇ. 2016ರ ಅಕ್ಟೋಬರ್‌ನಲ್ಲಿ ಮಲೇಷ್ಯಾದ ಜೊಹೋರ್ ತಂಡವನ್ನು ಕಂಠೀರವದಲ್ಲಿ 3-1ರಿಂದ ಸೋಲಿಸಿದ್ದೇ ನನ್ನ ಪ್ರಕಾರ ದೊಡ್ಡದು. ಎಎಫ್‌ಸಿ ಕಪ್ ಫೈನಲ್‌ಗೆ ಹೋದ ಮೊದಲ ಭಾರತದ ಕ್ಲಬ್ ಆಗಿದ್ದು ಆ ರಾತ್ರಿ.

ಕಪ್ ಎಣಿಸಿದ ಮೇಲೆ ಯಾರೂ ಕೇಳದ ಇನ್ನೊಂದು ಕಾಲಂ ಇದೆ. ಸೋತ ಫೈನಲ್‌ಗಳು. 2016ರಲ್ಲಿ ದೋಹಾದಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್ ಎದುರು 0-1. 2018ರ ಆ ಬಸ್ಸಿನ ರಾತ್ರಿ. 2023ರಲ್ಲಿ ಐಎಸ್‌ಎಲ್, ಅದರ ಬೆನ್ನಿಗೇ ಸೂಪರ್ ಕಪ್‌ನಲ್ಲಿ ಒಡಿಶಾ ಎದುರು 1-2. 2025ರ ಏಪ್ರಿಲ್ 12ಕ್ಕೆ ಕೋಲ್ಕತ್ತದಲ್ಲಿ ಮೋಹನ್ ಬಗಾನ್ ಎದುರು ಹೆಚ್ಚುವರಿ ಸಮಯದಲ್ಲಿ 1-2. ಒಟ್ಟು ಐದು.

ಆರನೆಯದನ್ನು ಬರೆಯಬೇಕೋ ಬೇಡವೋ ಅಂತ ಇನ್ನೂ ತೀರ್ಮಾನ ಮಾಡಿಲ್ಲ. 2015ರ ಮೇ 31, ಐ-ಲೀಗ್‌ನ ಕೊನೆಯ ಪಂದ್ಯ, ಕಂಠೀರವ. ಬಿಎಫ್‌ಸಿ ಗೆದ್ದರೆ ಕಪ್ ಬಿಎಫ್‌ಸಿಗೆ, ಡ್ರಾ ಆದರೆ ಮೋಹನ್ ಬಗಾನ್‌ಗೆ. ಜಾನ್ ಜಾನ್ಸನ್ ಗೋಲು ಹೊಡೆದು 1-0 ಇತ್ತು. 87ನೇ ನಿಮಿಷಕ್ಕೆ ಬೆಲ್ಲೊ ರಜಾಕ್ ಕಾರ್ನರ್‌ಗೆ ಎಗರಿ ಸಮ ಮಾಡಿಬಿಟ್ಟ. ನಿಯಮದ ಪ್ರಕಾರ ಅದು ಫೈನಲ್ ಅಲ್ಲ, ಲೀಗ್ ಪಂದ್ಯ. ಫಲಿತಾಂಶವೂ ಸೋಲಲ್ಲ, ಡ್ರಾ. ಹತ್ತು ವರ್ಷದಿಂದ ಆ ಸಾಲು ಪೆನ್ಸಿಲ್‌ನಲ್ಲಿದೆ. ಒಂದೆರಡು ಸಲ ಅಳಿಸಿದ್ದೇನೆ, ಮತ್ತೆ ಬರೆದಿದ್ದೇನೆ. ಹಾಳೆ ಅಲ್ಲಿ ಸ್ವಲ್ಪ ತೆಳುವಾಗಿದೆ.