ಎರೆ ಮಣ್ಣಿನಲ್ಲಿ ಭೂರ್ಜದ ಸಸಿ

ಮನೆಯಂಗಳಕ್ಕೆ ತೋಟ ಮಾಡಿಕೊಡುವುದು ನನ್ನ ಕೆಲಸ. ಮೂರು ವರ್ಷದ ಹಿಂದೆ ವಿಜಯಪುರದ ಹೊರವಲಯದಲ್ಲಿ ಹೊಸ ಮನೆ ಕಟ್ಟಿಸಿದವರೊಬ್ಬರು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ಹುಲ್ಲುಹಾಸಿನ ನಡುವೆ ಸುಣ್ಣ ಬಳಿದಂತೆ ಬೆಳ್ಳಗಿನ ಕಾಂಡದ ಬರ್ಚ್ ಮರಗಳು. ಇವೇ ಬೇಕು ಎಂದರು. ನಾನು ಒಪ್ಪಿಕೊಂಡೆ.

ಬರ್ಚ್ ಎಂದರೆ ನಮ್ಮ ಭೂರ್ಜ. ಕಾಶ್ಮೀರದ ಪಂಡಿತರು ಗ್ರಂಥ ಬರೆಯುತ್ತಿದ್ದ ಭೂರ್ಜಪತ್ರ ಇದರ ತೊಗಟೆಯೇ. ಹಿಮಾಲಯದಲ್ಲಿ ಇದರ ನೆಲೆ 3000 ಮೀಟರಿನ ಆಸುಪಾಸಿನಿಂದ ಮೇಲಕ್ಕೆ. ಇದೆಲ್ಲ ಗೊತ್ತಿದ್ದೂ, ಹನಿ ನೀರಾವರಿ ಇದೆಯಲ್ಲ ಎಂದು ಧೈರ್ಯ ಮಾಡಿದೆ.

ನವೆಂಬರಿನಲ್ಲಿ ಆರು ಸಸಿ ನೆಟ್ಟೆವು. ಫೆಬ್ರವರಿಯಲ್ಲಿ ಚಿಗುರಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ದಾಟಿತು. ಎಲೆಗಳ ಅಂಚು ಸುಟ್ಟವು, ಆಮೇಲೆ ತುದಿಯಿಂದ ಕೆಳಕ್ಕೆ ಕೊಂಬೆಗಳು ಒಣಗುತ್ತ ಬಂದವು. ಗಾಬರಿಯಿಂದ ನೀರು ಹೆಚ್ಚಿಸಿದೆ. ಮೇ ಮುಗಿಯುವಷ್ಟರಲ್ಲಿ ಐದು ಸತ್ತಿದ್ದವು.

ಒಂದನ್ನು ಅಗೆದು ನೋಡಿದೆ. ಬೇರೆಲ್ಲ ಮೇಲಿನ ಒಂದು ಗೇಣಿನಲ್ಲೇ ಹರಡಿತ್ತು. ಎರೆ ಮಣ್ಣು ಬಾಯಿ ಬಿಟ್ಟಲ್ಲೆಲ್ಲ ಎಳೆಬೇರುಗಳು ನೂಲಿನಂತೆ ಹರಿದಿದ್ದವು. ಹನಿ ಬೀಳುವ ಜಾಗದಲ್ಲಿ ಮಾತ್ರ ಜಿಗುಟು ಕೆಸರು. ಅಲ್ಲಿನ ಬೇರು ಉಸಿರುಗಟ್ಟಿ ಕಪ್ಪಾಗಿ ಕೊಳೆತಿತ್ತು. ಒಂದೇ ಗುಂಡಿಯಲ್ಲಿ ಆ ಸಸಿ ನೀರಿಲ್ಲದೆಯೂ ಸತ್ತಿತ್ತು, ನೀರು ಹೆಚ್ಚಾಗಿಯೂ ಸತ್ತಿತ್ತು. ಬರ್ಚ್‌ಗೆ ತಲೆಯ ಮೇಲೆ ಬಿಸಿಲಿದ್ದರೂ ಬುಡ ತಂಪಾಗಿರಬೇಕು. ನಾನೋ ಅಂದಕ್ಕೆಂದು ಬುಡದ ಸುತ್ತ ಬಿಳಿ ಕಲ್ಲು ಸುರಿಸಿದ್ದೆ. ಪಕ್ಕದಲ್ಲೇ ಸಿಮೆಂಟಿನ ಹಾದಿ. ಮಧ್ಯಾಹ್ನ ಆ ಕಲ್ಲುಗಳ ಮೇಲೆ ಅಂಗೈ ಇಡಲಾಗುತ್ತಿರಲಿಲ್ಲ.

ಆರನೆಯದು ಬೇವಿನ ಮರದ ಪೂರ್ವಕ್ಕಿತ್ತು. ಮಧ್ಯಾಹ್ನದ ನೆರಳು, ಬುಡದಲ್ಲಿ ಉದುರಿದ ಬೇವಿನೆಲೆಯ ಹೊದಿಕೆ. ಅದು ಇನ್ನೊಂದು ವರ್ಷ ಬಾಳಿತು, ಮರುವರ್ಷದ ಏಪ್ರಿಲ್ ದಾಟಲಿಲ್ಲ. ಬರ್ಚ್‌ಗಳಲ್ಲಿ ಸೆಕೆ ತಾಳುವುದೆಂದು ಹೆಸರಾದ ಅಮೆರಿಕದ ರಿವರ್ ಬರ್ಚ್ ಕೂಡ ಹೊಳೆದಂಡೆಯ ಮರವೇ.

ಸಸಿಗಳ ಹಣವನ್ನು ಹಿಂದಿರುಗಿಸಿದೆ. ಈಗ ಯಾರು ಚಿತ್ರ ತೋರಿಸಿದರೂ ಮೊದಲು ಅವರೆದುರಿಗೇ ಒಂದು ಮೊಳ ಆಳದ ಗುಂಡಿ ತೋಡಿಸಿ, ನೀರು ತುಂಬಿ, ಮರುದಿನ ಎಷ್ಟು ಇಂಗಿದೆ ಎಂದು ನೋಡುತ್ತೇನೆ. ಅದೇ ಅಂಗಳದಲ್ಲಿ, ನೀರಿನ ತೊಟ್ಟಿ ತುಂಬಿ ಹರಿಯುವ ಕಡೆ, ಎರಡು ಹೊಳೆಮತ್ತಿ ನೆಟ್ಟಿದ್ದೇವೆ. ಅದರದೂ ನುಣುಪಾದ ಬೂದುಬಿಳಿ ಕಾಂಡ, ಹಾಳೆಹಾಳೆಯಾಗಿ ಏಳುವ ತೊಗಟೆ. ಆ ಬಣ್ಣ ಬರಲು ಇನ್ನೂ ಹಲವು ವರ್ಷ ಬೇಕು. ಈ ಸಲ ಅದನ್ನು ಮನೆಯವರಿಗೆ ನೆಡುವ ಮೊದಲೇ ಹೇಳಿದ್ದೆ.